ಎರಡನೇ ಸಹಿ

ಗ್ರಾಮ ಅರಣ್ಯ ಸಮಿತಿಯ ಬ್ಯಾಂಕ್ ಖಾತೆಯಿಂದ ನೂರು ರೂಪಾಯಿ ತೆಗೆಯಬೇಕಾದರೂ ಎರಡು ಸಹಿ ಬೇಕು. ಒಂದು ಸಮಿತಿಯ ಅಧ್ಯಕ್ಷರದು, ಇನ್ನೊಂದು ಕಾರ್ಯದರ್ಶಿಯದು. ಅಧ್ಯಕ್ಷರನ್ನು ಊರು ಆರಿಸುತ್ತದೆ. ಕಾರ್ಯದರ್ಶಿ ಎಂದರೆ ಆ ಭಾಗದ ಫಾರೆಸ್ಟರ್, ಈಗಿನ ಹೆಸರಿನಲ್ಲಿ ಉಪ ವಲಯ ಅರಣ್ಯಾಧಿಕಾರಿ. ಅವರನ್ನು ಊರು ಆರಿಸಿದ್ದಲ್ಲ. ಬೇಡವೆಂದು ಕಳಿಸಲಾಗದು, ಬೇಕೆಂದು ಉಳಿಸಿಕೊಳ್ಳಲೂ ಆಗದು. ವರ್ಗಾವಣೆ ಆದೇಶ ಬಂದ ದಿನ ಚಾರ್ಜ್ ಕೊಟ್ಟು ಹೋಗುತ್ತಾರೆ. 1993ರ ಏಪ್ರಿಲ್ 12ರಂದು ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿದಾಗಿನಿಂದ ವ್ಯವಸ್ಥೆ ಹೆಚ್ಚುಕಡಿಮೆ ಹೀಗೇ ಇದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ವಲಯಗಳ ಯಾವ ಊರನ್ನೇ ತೆಗೆದುಕೊಳ್ಳಿ, ಅಲ್ಲಿ ‘ಜಂಟಿ’ ಎಂಬುದು ನಿಜಕ್ಕೂ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ಈ ಎರಡನೇ ಸಹಿ ಮಾಡುವವರು ಮತ್ತು ಅವರ ಕೈಕೆಳಗಿನ ಗಾರ್ಡ್, ವಾಚರ್‌ಗಳು.

ಸಹಭಾಗಿತ್ವದ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಇವರ ಪ್ರಸ್ತಾಪ ಬಂದರೆ ಎರಡೇ ಬಗೆಯಲ್ಲಿ ಬರುತ್ತದೆ. ಕೆಳಹಂತದ ಸಿಬ್ಬಂದಿಗೆ ತರಬೇತಿ ಸಾಲದು ಎನ್ನುವುದು ಒಂದು. ಕೆಳಹಂತದಲ್ಲೇ ಲಂಚ, ದರ್ಪ ಇರುವುದು ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಎರಡೂ ದೋಷವನ್ನು ಮನುಷ್ಯನ ಗುಣದಲ್ಲಿ ಹುಡುಕುತ್ತವೆ. ಅವರ ಕೆಲಸವನ್ನೇ ಒಂದಕ್ಕೊಂದು ಕೂಡದ ಹಾಗೆ ಕಟ್ಟಿದ್ದೇವೆ ಎಂಬುದು ನನ್ನ ವಾದ. ಕೇಸು ಹಾಕುವುದು, ಗಿಡದ ಗುರಿ ಮುಟ್ಟಿಸುವುದು, ಊರಿನವರ ಜೊತೆ ಕೂತು ಯೋಜನೆ ಬರೆಯುವುದು, ಮೂರನ್ನೂ ಒಬ್ಬರ ತಲೆಗೇ ಕಟ್ಟಿ, ಮೊದಲ ಎರಡಕ್ಕೆ ಮಾತ್ರ ಲೆಕ್ಕ ಕೇಳುತ್ತಿದ್ದೇವೆ.

ಈ ಮೂರು ತಾಲ್ಲೂಕುಗಳನ್ನು ಕಾಡಿನ ಸೀಮೆ ಎಂದು ಯಾರೂ ಕರೆಯುವುದಿಲ್ಲ. ಬ್ಯಾಡಗಿ ಎಂದರೆ ಮೆಣಸಿನಕಾಯಿ, ರಾಣೆಬೆನ್ನೂರು ಎಂದರೆ ಬಿತ್ತನೆ ಬೀಜ, ಎಲ್ಲೆಡೆ ಗೋವಿನಜೋಳ ಮತ್ತು ಹತ್ತಿ. ಇಲ್ಲಿ ಅರಣ್ಯ ಎಂದರೆ ಕುರುಚಲು ಗುಡ್ಡ, ಅದರ ಬುಡದಲ್ಲಿ ಗಾಯರಾಣ, ಆಮೇಲೆ ಹೊಲ. ಗುಡ್ಡಕ್ಕೆ ಬೆಳಿಗ್ಗೆ ದನ ಹೋಗುತ್ತವೆ, ಮಧ್ಯಾಹ್ನ ಕುರಿ ಹಿಂಡು ಬರುತ್ತದೆ, ಸಂಜೆ ಸೌದೆ ಹೊರೆ ಇಳಿಯುತ್ತದೆ. ಹುಲಿ ಆನೆಗಳ ಕಾಡಿನಲ್ಲಿ ಗಾರ್ಡ್ ಕೆಲಸ ಅರ್ಧ ಪ್ರಾಣಿಗಳ ಜೊತೆಗಾದರೂ ಇರುತ್ತದೆ. ಇಲ್ಲಿ ಅದು ಬಹುಪಾಲು ಮನುಷ್ಯರ ಜೊತೆಗೇ. ಒತ್ತುವರಿ, ಮೇವು, ಉರುವಲು, ಬೇಸಿಗೆಯ ಬೆಂಕಿ, ಯಾವುದೂ ಊರನ್ನು ಬಿಟ್ಟು ಬಗೆಹರಿಯುವಂಥದ್ದಲ್ಲ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಹೋದ ವರ್ಷ ನೆಟ್ಟ ಪ್ಲಾಂಟೇಶನ್, ಸುತ್ತ ದನ ದಾಟದಂತೆ ತೋಡಿದ ಕಂದಕ. ಮುಂಗಾರು ತಡವಾಗಿದೆ. ಕಂದಕ ಕುಸಿದ ಒಂದು ಜಾಗದಲ್ಲಿ ನಾಲ್ಕು ದನ ಒಳಗೆ ಹೊಕ್ಕಿವೆ, ಹಿಂದೆ ಒಬ್ಬ ಮುದುಕರು ನಿಂತಿದ್ದಾರೆ. ಗಾರ್ಡ್ ಬೈಕ್ ನಿಲ್ಲಿಸುತ್ತಾನೆ.

‘ಅಜ್ಜಾರ, ಮೂರು ವರ್ಷ ಈ ಕಡೆ ದನಾ ಬಿಡಬ್ಯಾಡ್ರಿ ಅಂತ ಹೇಳಿದ್ದೆನಲ್ರಿ.’

‘ಹೇಳಿದ್ರಿ ಸಾಹೇಬ್ರ. ಮೂರು ವರ್ಷ ಉಪಾಸ ಇರ್ರಿ ಅಂತ ದನಕ್ಕ ಯಾರು ಹೇಳಬೇಕ್ರಿ?’

ಈಗ ಗಾರ್ಡ್ ಮಾಡಬಹುದಾದ್ದು ಹಲವು. ಅರಣ್ಯ ಕಾಯ್ದೆಯಡಿ ಕೇಸು ಬರೆಯಬಹುದು. ದನಗಳನ್ನು ಕೊಂಡವಾಡಕ್ಕೆ ಹೊಡೆಸಬಹುದು. ಗದರಿಸಿ ಬಿಡಬಹುದು. ನೂರು-ಇನ್ನೂರು ತೆಗೆದುಕೊಂಡು ಕಣ್ಣು ಮುಚ್ಚಬಹುದು. ಅಥವಾ, ಹುಲ್ಲು ಕೊಯ್ದು ಹೊತ್ತುಕೊಂಡು ಹೋಗಿ, ದನ ಮಾತ್ರ ಬಿಡಬೇಡಿ ಎಂದು ಒಪ್ಪಂದಕ್ಕೆ ಬರಬಹುದು. ಕೊನೆಯದನ್ನು ಯಾವ ಪುಸ್ತಕವೂ ಅವನಿಗೆ ಕಲಿಸಿದ್ದಲ್ಲ, ಆದರೆ ಜಂಟಿ ಅರಣ್ಯ ನಿರ್ವಹಣೆಯ ಸಾರವೆಲ್ಲ ಅದರಲ್ಲೇ ಇದೆ. ಆ ದಿನ ಅವನು ಏನು ಮಾಡುತ್ತಾನೋ ಅದೇ ಆ ಊರಿಗೆ ಸರ್ಕಾರದ ಅರಣ್ಯ ನೀತಿ. ಬೆಂಗಳೂರಿನ ಆದೇಶವನ್ನು ಅಜ್ಜಾರು ಓದುವುದಿಲ್ಲ.

ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್ಸ್ಕಿ 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪೊಲೀಸ್ ಪೇದೆ, ಶಾಲಾ ಶಿಕ್ಷಕ, ಕಲ್ಯಾಣ ಇಲಾಖೆಯ ಗುಮಾಸ್ತರ ಬಗ್ಗೆ ಇದನ್ನೇ ಹೇಳಿದ್ದರು: ಇವರು ನೀತಿಯನ್ನು ಜಾರಿ ಮಾಡುವವರಷ್ಟೇ ಅಲ್ಲ, ದಿನನಿತ್ಯದ ತೀರ್ಮಾನಗಳ ಮೂಲಕ ನೀತಿಯನ್ನು ಮಾಡುವವರೂ ಹೌದು. ನಮ್ಮಲ್ಲಿ ಸುಧಾ ವಾಸನ್ ಹಿಮಾಚಲದ ಅರಣ್ಯ ರಕ್ಷಕರನ್ನು ಕುರಿತು 2002ರಲ್ಲಿ ಬರೆದ ಅಧ್ಯಯನ ಇನ್ನೂ ಹತ್ತಿರದ್ದು. ಇಲಾಖೆಯ ಸಮವಸ್ತ್ರ ತೊಟ್ಟ ಈ ಮನುಷ್ಯ ಹಳ್ಳಿಯ ನಡುವೆಯೇ ಬದುಕುವವನು. ಹಾಲು, ಸೊಪ್ಪು, ಮಕ್ಕಳ ಶಾಲೆ ಎಲ್ಲಕ್ಕೂ ಅದೇ ಜನರನ್ನು ನೆಚ್ಚಿಕೊಂಡವನು. ಹಾಗಾಗಿ ಅವನ ಕಾನೂನು ಪಾಲನೆಯೂ ನಿತ್ಯದ ಚೌಕಾಸಿಯೇ ಆಗಿರುತ್ತದೆ. ಹಾವೇರಿಯ ಗಾರ್ಡ್ ಓದಿದರೆ ಇದರಲ್ಲಿ ಹೊಸತೇನಿದೆ ಎಂದಾರು.

ಇವರು ಹೀಗೆ ನಡುವೆ ಸಿಕ್ಕಿಕೊಂಡದ್ದು ನಿನ್ನೆ ಮೊನ್ನೆಯಲ್ಲ. ಹಾನಗಲ್ ತಾಲ್ಲೂಕಿನ ಕುಸನೂರು ಈಗ ಹಾವೇರಿ ಜಿಲ್ಲೆಯಲ್ಲಿದೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವ ಮುಂಚೆ ಅದು ಧಾರವಾಡದ್ದು. 1987ರ ನವೆಂಬರ್ 14ರಂದು ಅಲ್ಲಿ ನಡೆದದ್ದು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಕೊಡುವ ತೀರ್ಮಾನವಾಗಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 90ರ ದಶಕದ ಆರಂಭದಲ್ಲಿ ಕಂಪನಿ ಮುಚ್ಚಿತು. ಈ ಕತೆಯಲ್ಲಿ ನಾವು ಸರ್ಕಾರ, ಕಂಪನಿ, ಚಳವಳಿಗಾರರನ್ನು ನೆನೆಯುತ್ತೇವೆ. ಆ ಸಸಿಗಳ ಮುಂದೆ ನಿಲ್ಲಬೇಕಾದ ಕಾವಲುಗಾರ ಯಾವ ಕತೆಯಲ್ಲೂ ಇಲ್ಲ. ತನ್ನೂರಿನ ದನ ಮೇಯುವ ಜಾಗದಲ್ಲಿ ಕಾರ್ಖಾನೆಯ ಮರ ಕಾಯುವ ಕೆಲಸ ಒಬ್ಬ ಮನುಷ್ಯನಿಗೆ ಬಂದರೆ ಅವನು ಯಾರ ಕಡೆಯವನು?

ಕುಸನೂರಿನ ಸತ್ಯಾಗ್ರಹವಾದ ಆರೇ ವರ್ಷಕ್ಕೆ ಅದೇ ಇಲಾಖೆಯ ಅದೇ ಹುದ್ದೆಯವರಿಗೆ, ಇನ್ನು ಮುಂದೆ ಊರಿನವರ ಜೊತೆ ಸೇರಿ ಗುಡ್ಡ ಬೆಳೆಸಿ ಎಂಬ ಆದೇಶ ಬಂತು. ಬದಲಾವಣೆ ದೊಡ್ಡದೇ. ಹಾಳುಬಿದ್ದ ಅರಣ್ಯವನ್ನು ಸಮಿತಿಯೊಂದಿಗೆ ಒಡಂಬಡಿಕೆ ಮಾಡಿಕೊಂಡು ಬೆಳೆಸಬೇಕು, ಬಂದ ಆದಾಯದಲ್ಲಿ ಊರಿಗೂ ಪಾಲು. ಆದರೆ ಗಾರ್ಡ್ ಮತ್ತು ಫಾರೆಸ್ಟರ್ ಕೈಯಲ್ಲಿದ್ದ ಕಾಯ್ದೆ, ಡೈರಿ, ಮೇಲಿಂದ ಬರುವ ಗುರಿ, ಕೇಳುವ ವರದಿ, ಯಾವುದೂ ಬದಲಾಗಲಿಲ್ಲ. ಹಳೆಯ ಕೆಲಸದ ಮೇಲೆ ಹೊಸದೊಂದು ಕೂತಿತು.

ಜಂಟಿ ನಿರ್ವಹಣೆಯ ವಿಚಾರ ಹುಟ್ಟಿದ ಬಗೆಯೇ ಬೇರೆ ಇತ್ತು. ಪಶ್ಚಿಮ ಬಂಗಾಳದ ಅರಾಬಾರಿಯಲ್ಲಿ 70ರ ದಶಕದ ಆರಂಭದಲ್ಲಿ ಅಜಿತ್ ಕುಮಾರ್ ಬ್ಯಾನರ್ಜಿ ಎಂಬ ಅರಣ್ಯಾಧಿಕಾರಿಯ ಸಂಶೋಧನಾ ತಾಕುಗಳು ದನ ಮತ್ತು ಕೊಡಲಿಯಿಂದ ಉಳಿಯುತ್ತಿರಲಿಲ್ಲ. ಕಾವಲು ಸೋತಿತು. ಸುತ್ತಲಿನ 11 ಹಳ್ಳಿಗಳ ಜೊತೆ ಮಾತಿಗೆ ಕೂತು, ನೀವು ಕಾದರೆ ಆದಾಯದಲ್ಲಿ ಪಾಲು ಎಂದು ಅವರು ಒಪ್ಪಿಸಿದರು, ಸಾಲ್ ಕಾಡು ಮತ್ತೆ ಚಿಗುರಿತು. ಅಂದರೆ ಸ್ಥಳದಲ್ಲಿದ್ದ ಒಬ್ಬ ಅಧಿಕಾರಿ ತನ್ನ ವಿವೇಚನೆ ಬಳಸಿ, ನಿಯಮವನ್ನು ತುಸು ಬಗ್ಗಿಸಿ ಕಂಡುಕೊಂಡ ದಾರಿ ಅದು. 1990ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ದೇಶಕ್ಕೆಲ್ಲ ಸುತ್ತೋಲೆ ಮಾಡಿತು. ವಿವೇಚನೆಯಿಂದ ಹುಟ್ಟಿದ್ದು ನಮೂನೆಯಾಗಿ ರಾಣೆಬೆನ್ನೂರಿಗೆ ಬಂತು. ನಮೂನೆಯಲ್ಲಿ ಇರದೇ ಹೋದದ್ದು ಆ ವಿವೇಚನೆಯೇ.

ಒಬ್ಬ ಫಾರೆಸ್ಟರ್ ಕೆಲಸವನ್ನು ಇಲಾಖೆ ಹೇಗೆ ಅಳೆಯುತ್ತದೆ ಎಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಎಷ್ಟು ಗುಂಡಿ ತೆಗೆಸಿದರು, ಎಷ್ಟು ಸಸಿ ನೆಟ್ಟರು, ಅವುಗಳಲ್ಲಿ ಶೇಕಡಾ ಎಷ್ಟು ಬದುಕಿವೆ, ಎಷ್ಟು ಅರಣ್ಯ ಮೊಕದ್ದಮೆ ದಾಖಲಾಯಿತು, ಮಾರ್ಚ್ ಒಳಗೆ ಹಣ ಖರ್ಚಾಯಿತೇ. ಇವೆಲ್ಲ ಬೇಕಾದ ಲೆಕ್ಕಗಳೇ. ಆದರೆ ಮೇವಿನ ಜಗಳವೊಂದನ್ನು ಕೇಸಿಲ್ಲದೆ ಬಗೆಹರಿಸಿದ್ದಕ್ಕೆ ಯಾವ ಕಾಲಂ ಇದೆ? ಊರಿನವರು ಬೇಡವೆಂದದ್ದಕ್ಕೆ ಅಕೇಶಿಯಾ ಬಿಟ್ಟು ಹುಣಸೆ, ಹೊಂಗೆ, ಸೀತಾಫಲ ಹಾಕಿಸಿ, ಅದಕ್ಕಾಗಿ ಎರಡು ತಿಂಗಳು ತಡವಾದರೆ ಅದು ಸಾಧನೆಯೋ ವಿಳಂಬವೋ? ಕಾಗದದ ಮೇಲೆ ಅದು ವಿಳಂಬ. ಬುದ್ಧಿವಂತ ಫಾರೆಸ್ಟರ್ ಹಾಗಾಗಿ ಏನು ಮಾಡುತ್ತಾರೆ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು: ಅಧ್ಯಕ್ಷರ ಮನೆ ಜಗುಲಿಯಲ್ಲಿ ಕೂತು ಠರಾವು ಪುಸ್ತಕದಲ್ಲಿ ಸಭೆಯ ನಡಾವಳಿ ಬರೆಯುತ್ತಾರೆ, ಸಹಿಗಳನ್ನು ಮನೆಮನೆಗೆ ಕಳಿಸಿ ತರಿಸುತ್ತಾರೆ. ಕೋರಂ ಭರ್ತಿ. ಮಹಿಳಾ ಸದಸ್ಯರ ಸಹಿಯನ್ನು ಎಷ್ಟೋ ಬಾರಿ ಅವರ ಮನೆಯ ಗಂಡಸರೇ ಹಾಕಿರುತ್ತಾರೆ. ಸೌದೆಗೆ ಗುಡ್ಡ ಹತ್ತುವವರು ಆ ಹೆಂಗಸರೇ; ಯಾವ ಗಿಡ ಬೇಕು ಎಂದು ಕೇಳಬೇಕಾದದ್ದು ಅವರನ್ನೇ.

ಇದನ್ನು ಮೋಸ ಎಂದು ಸುಲಭವಾಗಿ ಹೇಳಬಹುದು. ಸಭೆ ನಡೆಸಿದ್ದಕ್ಕೆ ಪುಸ್ತಕ ತೋರಿಸಿದರೆ ಸಾಕು, ಗಿಡ ನೆಟ್ಟಿದ್ದಕ್ಕೆ ಮಾತ್ರ ಗುಂಡಿ ಎಣಿಸಿ ತೋರಿಸಬೇಕು ಎಂಬ ವ್ಯವಸ್ಥೆಯಲ್ಲಿ ಮನುಷ್ಯನೊಬ್ಬ ಬೇರೆ ಹೇಗೆ ನಡೆದುಕೊಂಡಾನು ಎಂಬುದು ನನ್ನ ಪ್ರಶ್ನೆ.

ಹೊರಗಿನ ಹಣ ಬಂದ ಕಾಲದಲ್ಲಿ ಇದು ಇನ್ನಷ್ಟು ಎದ್ದು ಕಂಡಿತು. ಜಪಾನ್ ನೆರವಿನ ಸುಸ್ಥಿರ ಅರಣ್ಯ ನಿರ್ವಹಣೆ ಮತ್ತು ಜೀವವೈವಿಧ್ಯ ಸಂರಕ್ಷಣಾ ಯೋಜನೆ 2005ರಿಂದ ರಾಜ್ಯದಲ್ಲಿ ನಡೆಯಿತು. ಸಮಿತಿ ರಚನೆ, ಸೂಕ್ಷ್ಮ ಯೋಜನೆ, ಊರಿನ ವಿಶ್ವಾಸ ಗಳಿಸಲು ಸಮುದಾಯ ಭವನವೋ ಪಾತ್ರೆ-ಜಮಖಾನವೋ, ಸ್ವಸಹಾಯ ಸಂಘಗಳಿಗೆ ಸಾಲ. ಹಣ ಇದ್ದಷ್ಟು ದಿನ ಸಭೆಗಳೂ ಇದ್ದವು. ಹಣ ನಿಂತ ಮೇಲೆ ಎಷ್ಟೋ ಸಮಿತಿಗಳು ಕಡತದಲ್ಲಿ ಮಾತ್ರ ಉಳಿದವು. ಅರಣ್ಯದ್ದು ಬಿಡಿ, ನೀರಿನದ್ದೂ ಇದೇ ಹಾದಿ. ವಿಶ್ವ ಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ನಡೆದ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಕೆರೆಗಳಿಗಾಗಿ 2002ರಿಂದ ಜಲ ಸಂವರ್ಧನೆ ಯೋಜನಾ ಸಂಘ ಬಂತು, ಕೆರೆ ಬಳಕೆದಾರರ ಸಂಘಗಳಾದವು. ಎರಡರಲ್ಲೂ ಊರು ಕಟ್ಟುವ ಕೆಲಸವನ್ನು ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರಿಗೆ ವಹಿಸಲಾಗಿತ್ತು. ಅವರಲ್ಲಿ ಅನೇಕರು ಚೆನ್ನಾಗಿಯೇ ದುಡಿದರು. ಸುಜಲದಲ್ಲಿ ಬದುವು, ಕೃಷಿಹೊಂಡಗಳ ಜೊತೆಗೆ ಭೂಮಿಯಿಲ್ಲದವರನ್ನೂ ಸಂಘಕ್ಕೆ ಸೇರಿಸುವ ಪ್ರಯತ್ನ ಆಯಿತು, ಅದು ಸಣ್ಣ ಮಾತಲ್ಲ. ಆದರೆ ಯೋಜನೆ ಮುಗಿದ ದಿನ ಅವರ ಸಂಬಳವೂ ಮುಗಿಯಿತು. ಕೋಡಿ ಒಡೆದಾಗ, ತೂಬು ಕಟ್ಟಿದಾಗ, ಬದುವಿನ ಗಿಡ ಕಡಿದಾಗ ಊರಿನವರು ಹೋಗಿ ನಿಂತದ್ದು ಪಂಚಾಯಿತಿಯ ಬಾಗಿಲಿಗೆ, ರೈತ ಸಂಪರ್ಕ ಕೇಂದ್ರಕ್ಕೆ, ಸಣ್ಣ ನೀರಾವರಿ ಇಲಾಖೆಯ ಇಂಜಿನಿಯರ್ ಬಳಿಗೆ. ಊರಿಗೂ ಆ ಸಂಸ್ಥೆಗಳಿಗೂ ಆದ ಮಾತುಕತೆಯಲ್ಲಿ ಇವರು ಯಾರೂ ಇರಲಿಲ್ಲ.

ಈ ಕಾರಣಕ್ಕೆ, ಸರ್ಕಾರಿ ನೌಕರನನ್ನು ಬದಿಗಿಟ್ಟು ಊರು ಮತ್ತು ಸ್ವಯಂಸೇವಾ ಸಂಸ್ಥೆಗಳೇ ಎಲ್ಲ ಮಾಡಲಿ ಎನ್ನುವ ಸಲಹೆ ನನಗೆ ಒಪ್ಪಿಗೆಯಾಗುವುದಿಲ್ಲ. ಊರು ಇರುತ್ತದೆ, ಗುಡ್ಡ ಇರುತ್ತದೆ, ಹುದ್ದೆಯೂ ಇರುತ್ತದೆ. ಹೋಗುವುದು ಯೋಜನೆ. ಎಲ್ಲವನ್ನೂ ಗ್ರಾಮ ಪಂಚಾಯಿತಿಗೆ ಕೊಡಿ ಎನ್ನುವವರ ಮಾತಿನಲ್ಲಿ ತತ್ವವಿದೆ. ಆದರೆ ಪಂಚಾಯಿತಿಯಲ್ಲಿ ಕೂತ ಪಿಡಿಒ ಮನೆ ಹಂಚಿಕೆ, ನರೇಗಾ, ತೆರಿಗೆ, ಕುಡಿಯುವ ನೀರು, ಜೀವವೈವಿಧ್ಯ ಸಮಿತಿ ಎಲ್ಲಕ್ಕೂ ಒಬ್ಬರೇ. ಫಾರೆಸ್ಟರ್ ಕಷ್ಟವನ್ನು ಪಿಡಿಒ ಹೆಗಲಿಗೆ ದಾಟಿಸಿದರೆ ಹುದ್ದೆಯ ಹೆಸರು ಬದಲಾಗುತ್ತದೆ, ಅಷ್ಟೇ.

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಅಂಚಿಗೆ ಬಂದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿಲೋಮೀಟರಿನ ಈ ಅಭಯಾರಣ್ಯ ಒಂದೇ ತುಂಡಲ್ಲ, ನಡುವೆ ಹೊಲ ಹಳ್ಳಿಗಳಿವೆ. ಒಂದು ಕಾಲಕ್ಕೆ ಬಯಲು ಹುಲ್ಲುಗಾವಲಿನ ಎರ್ಲಡ್ಡು ಹಕ್ಕಿಗೆ ಹೆಸರಾದ ಜಾಗ. ಬಯಲನ್ನು ಬರಡು ಎಂದುಕೊಂಡು ನೀಲಗಿರಿ ತುಂಬಿದೆವು. ಹಕ್ಕಿ ಹೋಯಿತು, ಚಿಗರಿ ಹೆಚ್ಚಿ ಗೋವಿನಜೋಳದ ಎಳೆ ಪೈರಿಗೆ ಬಂದವು, ತೋಳ ಕುರಿ ಹಿಂಡಿಗೆ ಬಂತು. ಬೆಳೆ ಹೋದ ರೈತ ಬೆಳಿಗ್ಗೆ ಎದ್ದು ಯಾರನ್ನು ಬಯ್ಯುತ್ತಾನೆ? ಅರಣ್ಯ ಸಚಿವರನ್ನಲ್ಲ. ‘ನಿಮ್ಮ ಚಿಗರಿ’ ಎಂದು ಗಾರ್ಡ್‌ಗೆ ಹೇಳುತ್ತಾನೆ. ಅವನೇ ಬಂದು ಹೊಲ ನೋಡಬೇಕು, ಫೋಟೊ ತೆಗೆಯಬೇಕು, ಪರಿಹಾರದ ಅರ್ಜಿ ಮೇಲೆ ಕಳಿಸಬೇಕು. ಮೊತ್ತ ನಿಗದಿ ಮಾಡುವುದು ಅವನ ಕೈಯಲ್ಲಿಲ್ಲ, ಹಣ ಬೇಗ ಬರುವಂತೆ ಮಾಡುವುದೂ ಇಲ್ಲ. ಅದೇ ರೈತನಿಗೆ ನಾಳೆ ಸಮಿತಿ ಸಭೆಗೆ ಬನ್ನಿ ಎಂದು ಕರೆಯಬೇಕಾದವನೂ ಅವನೇ.

ಇಷ್ಟಾದರೂ ಯಾವ ದಿಬ್ಬದಲ್ಲಿ ತೋಳ ಮರಿ ಹಾಕಿದೆ, ಚಿಗರಿ ಯಾವ ತಿಂಗಳು ಯಾವ ಹೊಲಕ್ಕೆ ಇಳಿಯುತ್ತವೆ, ಯಾವ ಕುರಿಗಾಹಿ ಬೇಲಿ ಹಾರಿಸುತ್ತಾನೆ ಎಂಬುದೆಲ್ಲ ಗೊತ್ತಿರುವುದು ಅವನಿಗೆ ಮತ್ತು ಕುರಿಗಾಹಿಗಳಿಗೆ. ನೀಲಗಿರಿ ನೆಡುವ ಮುಂಚೆ ಇವರಿಬ್ಬರನ್ನೂ ಕೂರಿಸಿ ಕೇಳಿದ್ದರೆ, ದನ ಕುರಿ ಬದುಕುವ ಬಯಲನ್ನು ಬರಡು ಎಂದು ಯಾರೂ ಹೇಳುತ್ತಿರಲಿಲ್ಲ. ನೀಲಗಿರಿ ಬೇಡವೆಂಬ ತೀರ್ಮಾನಕ್ಕೆ ಸರ್ಕಾರ ಬರಲು 2017 ಬೇಕಾಯಿತು. ಕೆಳಗಿನ ನೌಕರನಿಗೆ ಆದೇಶ ಇಳಿಸಲು ನಮ್ಮಲ್ಲಿ ಆರು ಮೆಟ್ಟಿಲುಗಳಿವೆ, ಅವನ ತಿಳಿವಳಿಕೆ ಮೇಲೇರಲು ಒಂದೂ ಇಲ್ಲ.

ಇವರಿಗೆ ಇನ್ನಷ್ಟು ವಿವೇಚನೆ, ಅಧಿಕಾರ ಕೊಟ್ಟರೆ ಲಂಚಕ್ಕೆ ಬಾಗಿಲು ತೆರೆದಂತಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಗುಡ್ಡದ ಸೌದೆಗೆ ದಂಡ ಕೊಟ್ಟು ಸೋತ ಹೆಂಗಸರಿಗೆ ಗಾರ್ಡ್ ಪರವಾದ ಈ ವಕಾಲತ್ತು ನಗೆ ತರಿಸಬಹುದು. ಆದರೆ ವಿವೇಚನೆ ಈಗಲೂ ಇದೆ. ಅಜ್ಜಾರ ದನಗಳ ಮುಂದೆ ಗಾರ್ಡ್‌ಗೆ ಇದ್ದ ಆಯ್ಕೆಗಳಲ್ಲಿ ಲಂಚವೂ ಒಂದಾಗಿತ್ತು. ಈಗಿನ ವ್ಯತ್ಯಾಸವೆಂದರೆ ಆ ವಿವೇಚನೆ ಕತ್ತಲಲ್ಲಿ ನಡೆಯುತ್ತದೆ. ಕಾನೂನಿನ ಪ್ರಕಾರ ಎಲ್ಲವೂ ನಿಷಿದ್ಧ, ರೂಢಿಯಲ್ಲಿ ಎಲ್ಲಕ್ಕೂ ದಾರಿ, ಆ ದಾರಿಗೆ ಒಂದು ದರ. ಹುಲ್ಲು ಕೊಯ್ಯಲು ಇಂಥ ತಿಂಗಳಿಂದ ಇಂಥ ಬ್ಲಾಕಿನಲ್ಲಿ ಅವಕಾಶವಿದೆ ಎಂದು ಸಮಿತಿಯೂ ಫಾರೆಸ್ಟರೂ ಸೇರಿ ಪಂಚಾಯಿತಿ ಗೋಡೆಗೆ ಬರೆಸಿದರೆ ಗಾರ್ಡ್ ಮಾರಲು ಏನೂ ಉಳಿಯುವುದಿಲ್ಲ. ಹೀಗೆ ಕೆಳಹಂತದ ಕೆಲಸವನ್ನು ಊರಿನ ಕಣ್ಣೆದುರಿಗೆ ತಂದ ಉದಾಹರಣೆ ಬೇರೆಡೆ ಇದೆ.

ಬ್ರೆಜಿಲ್‌ನ ಸಿಯಾರಾ ಎಂಬ ಬಡ, ಬರಪೀಡಿತ ರಾಜ್ಯದಲ್ಲಿ 1987ರಿಂದ ಹಳ್ಳಿ ಆರೋಗ್ಯ ಕಾರ್ಯಕರ್ತರನ್ನು ನೇಮಿಸಿಕೊಂಡ ಬಗೆಯನ್ನು ಸಂಶೋಧಕಿ ಜುಡಿತ್ ಟೆಂಡ್ಲರ್ ವಿವರಿಸಿದ್ದಾರೆ. ಅರ್ಜಿ ಹಾಕಿದವರನ್ನೆಲ್ಲ ಊರಿನಲ್ಲಿ ಸೇರಿಸಿ ಅಧಿಕಾರಿಗಳು ಹೇಳುತ್ತಿದ್ದರು: ಆಯ್ಕೆಯಾಗದವರ ಮೇಲೂ ಜವಾಬ್ದಾರಿ ಇದೆ, ಆಯ್ಕೆಯಾದವರು ಮನೆಗೆ ಬಾರದಿದ್ದರೆ ನಮಗೆ ತಿಳಿಸಿ. ಕೆಲಸಗಾರರು ಅದೇ ಭಾಗದಲ್ಲಿ ವಾಸವಿರಬೇಕಿತ್ತು. ಕೆಲಸಕ್ಕೆ ಮರ್ಯಾದೆಯೂ ಇತ್ತು, ಊರಿನ ಕಣ್ಣೂ ಇತ್ತು. ಸಾಮೂಹಿಕ ಸಂಪನ್ಮೂಲಗಳ ಬಗ್ಗೆ ಎಲಿನಾರ್ ಆಸ್ಟ್ರಮ್ ಜಗತ್ತಿನ ನೂರಾರು ಉದಾಹರಣೆ ನೋಡಿ ಹೇಳಿದ್ದೂ ಇದಕ್ಕೆ ಹತ್ತಿರದ್ದೇ: ಕಾವಲುಗಾರ ಬಳಕೆದಾರರಿಗೆ ಉತ್ತರ ಹೇಳಬೇಕಾದ ಕಡೆ ಕಾವಲು ಬಾಳುತ್ತದೆ. ನಮ್ಮ ಗಾರ್ಡ್ ಉತ್ತರ ಹೇಳುವುದು ವಲಯ ಕಚೇರಿಗೆ. ಊರಿಗೆ ಅವನು ಹೇಳುವುದು ಆದೇಶ.

ಹಾಗಾದರೆ ಏನು ಮಾಡಬಹುದು? ಮೊದಲನೆಯದಾಗಿ, ಕೇಸು ಹಾಕುವ ಕೈ ಮತ್ತು ಠರಾವು ಬರೆಯುವ ಕೈ ಬೇರೆ ಆಗಬೇಕು. ಕಾರ್ಯದರ್ಶಿ ಊರಿನವರೇ ಆಗಲಿ, ಓದಿದ ಹುಡುಗಿಯರಿಗೆ ನಮ್ಮ ಹಳ್ಳಿಗಳಲ್ಲಿ ಈಗ ಕೊರತೆಯಿಲ್ಲ. ಫಾರೆಸ್ಟರ್ ಸಲಹೆಗಾರರಾಗಿ, ಲೆಕ್ಕ ಪರಿಶೀಲಿಸುವವರಾಗಿ ಇರಲಿ. ಊರಿನವರ ಕೈಗೆ ಹಣ ಕೊಟ್ಟರೆ ತಿನ್ನುತ್ತಾರೆ ಎನ್ನುವವರು ಸ್ವಸಹಾಯ ಸಂಘಗಳ ಲೆಕ್ಕದ ಪುಸ್ತಕ ತೆರೆದು ನೋಡಲಿ. ಇನ್ನು ವರ್ಗಾವಣೆ. ನೀಲಗಿರಿಯಂಥ ಬೇಗ ಬೆಳೆಯುವ ಮರಕ್ಕೂ ಕಟಾವಿಗೆ ಎಂಟು-ಹತ್ತು ವರ್ಷ ಬೇಕು. ಒಡಂಬಡಿಕೆಗೆ ಸಹಿ ಹಾಕಿದ ಫಾರೆಸ್ಟರ್ ಕಟಾವಿನ ದಿನ ಇರುವುದಿಲ್ಲ. ಪಾಲಿನ ಮಾತು ಕೊಟ್ಟವರು ಒಬ್ಬರು, ಹಂಚಬೇಕಾದವರು ಮತ್ತೊಬ್ಬರು, ಹಳೆಯ ಕಡತ ಹುಡುಕುವವರು ಮೂರನೆಯವರು. ಹತ್ತು ವರ್ಷ ಒಬ್ಬರನ್ನೇ ಇಡಿ ಎನ್ನಲಾರೆ, ಬೇರೂರಿದರೆ ಅದರದೇ ತೊಂದರೆಗಳಿವೆ. ಹೋಗುವವರು ಬರುವವರಿಗೆ ಚಾರ್ಜ್ ಕೊಡುವುದು ಗ್ರಾಮಸಭೆಯ ಎದುರು ನಡೆಯಲಿ. ಯಾವ ಮಾತು ಕೊಟ್ಟಿದ್ದೇವೆ, ಎಷ್ಟು ಬಾಕಿ ಇದೆ ಎಂದು ಓದಿ ಹೇಳಲಿ. ಖರ್ಚಿಲ್ಲದ ಕೆಲಸ.

ಎಲ್ಲರಿಗಿಂತ ಕೆಳಗಿರುವ ವಾಚರ್ ವಿಷಯವನ್ನು ಯಾವ ವರದಿಯೂ ಸರಿಯಾಗಿ ಎತ್ತುವುದಿಲ್ಲ. ಇವರಲ್ಲಿ ಹಲವರು ದಿನಗೂಲಿಯವರು, ಅದೇ ಊರಿನವರು, ಅಲ್ಲಿಯೇ ದನ ಕಟ್ಟಿದವರು. ಫೆಬ್ರುವರಿಯಿಂದ ಮೇ ತನಕ ಗುಡ್ಡಕ್ಕೆ ಬೆಂಕಿ ಬಿದ್ದರೆ ಹಸಿ ಸೊಪ್ಪು ಹಿಡಿದು ಮೊದಲು ಓಡುವವರು ಇವರೇ. ಫಾರೆಸ್ಟರ್ ಬದಲಾಗುತ್ತಾರೆ, ವಾಚರ್ ಬದಲಾಗುವುದಿಲ್ಲ. ಸರ್ಕಾರದ ಕಡೆಯ ಕೊನೆಯ ಮನುಷ್ಯನೂ ಊರಿನ ಕಡೆಯ ಮೊದಲ ಮನುಷ್ಯನೂ ಒಬ್ಬನೇ ಆಗಿರುವ ಜಾಗ ಅದೊಂದೇ. ಜಂಟಿ ನಿರ್ವಹಣೆ ಎಂಬುದನ್ನು ಎಲ್ಲಿಂದ ಕಟ್ಟಬೇಕು ಎಂದು ಕೇಳಿದರೆ ನಾನು ತೋರಿಸುವುದು ಅಲ್ಲಿಗೆ. ಆದರೆ ಅವನ ಕೂಲಿ ತಡವಾಗುತ್ತದೆ, ಬಡ್ತಿಯ ಮಾತಿಲ್ಲ, ಸಭೆಯಲ್ಲಿ ಅವನು ಬಾಗಿಲ ಬಳಿ ನಿಂತಿರುತ್ತಾನೆ. ಸಮಿತಿಯ ನಿಧಿಯಿಂದ ಅವನ ಕೂಲಿ ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ ಕೊಡಿಸುವ ಅಧಿಕಾರವನ್ನು ಊರಿನ ಅಧ್ಯಕ್ಷರಿಗೆ ಕೊಟ್ಟು, ಇಲಾಖೆ ಆ ಹಣವನ್ನು ನಂತರ ತುಂಬಿಕೊಡಲಿ. ಆ ಚೆಕ್ಕಿಗೆ ಅಧ್ಯಕ್ಷರ ಸಹಿಯೊಂದೇ ಸಾಕು.